ಕಪ್ಪು ದಾರದ ಹೊಲಿಗೆ

ಎನಿಡ್ ಸ್ಟಾದರ್ಸ್ ಮನೆಯ ಹಿತ್ತಲಿನ ಹಗ್ಗದ ಮೇಲೆ ಒಂದು ಕರವಸ್ತ್ರ ಒಣಗಿದ್ದನ್ನೂ ನಮ್ಮ ಕ್ಯಾಪ್‌ಸ್ಟನ್ ಬೀದಿಯವರು ನಲವತ್ತು ವರ್ಷದಿಂದ ಕಂಡಿಲ್ಲ. ಜೂನ್ ತಿಂಗಳ ಒಳ್ಳೇ ಬಿಸಿಲಿರಲಿ, ಬೀದಿಯ ಎಲ್ಲ ಹಿತ್ತಲಲ್ಲೂ ಅಂಗಿ ಲಂಗಗಳು ಪಟಪಟ ಹಾರುತ್ತಿರಲಿ, ಅವಳ ಬಟ್ಟೆ ಮಾತ್ರ ಅಡುಗೆಮನೆಯ ಬೆಂಕಿ ಮುಂದೆ, ಕುರ್ಚಿಗಳ ಬೆನ್ನ ಮೇಲೆ. ಹೊಸದಾಗಿ ಬಂದವರು, ಪಾಪ, ಹಗ್ಗ ಕಟ್ಟೋಕೆ ಗಂಡಸು ದಿಕ್ಕಿಲ್ಲವೇನೋ ಅಂದುಕೊಳ್ಳುತ್ತಿದ್ದರು. ಹಳಬರು ಏನೂ ಅನ್ನುತ್ತಿರಲಿಲ್ಲ. ಅನ್ನಬೇಕಾದ್ದನ್ನೆಲ್ಲ ಅವರು ಮೊದಲೇ ಅಂದು ಮುಗಿಸಿದ್ದರು.

ಥಾರ್ನ್‌ಫ್ಲೀಟ್ ಅಂದರೆ ಮೀನಿನ ಊರು. ಈಗ ಹಡಗು ನಿಲ್ಲುವ ಡಾಕು ಮುಚ್ಚಿ, ಅರ್ಧಕ್ಕೆ ಮಣ್ಣು ತುಂಬಿ, ಅದರ ಮೇಲೆ ಕಾರು ನಿಲ್ಲಿಸುವ ಬಯಲು ಮಾಡಿದ್ದಾರೆ, ಆ ಮಾತು ಬಿಡಿ. ಆಗ ಬೀದಿಯ ಪ್ರತಿ ಮನೆಯಿಂದ ಒಬ್ಬನಾದರೂ ಐಸ್‌ಲ್ಯಾಂಡಿನ ಕಡಲಿಗೆ ಹೋಗುತ್ತಿದ್ದ. ಮೂರು ವಾರ ಕಡಲಲ್ಲಿ, ಮೂರು ದಿನ ಮನೆಯಲ್ಲಿ, ಮತ್ತೆ ಕಡಲಿಗೆ. ಹೆಂಗಸರು ಬಲೆಯ ಶೆಡ್ಡಿನಲ್ಲೋ, ಮನೆಯಲ್ಲೇ ಬಾಗಿಲ ಚಿಲಕಕ್ಕೆ ನೇತುಹಾಕಿಕೊಂಡೋ ಬಲೆ ಹೆಣೆಯುತ್ತಿದ್ದರು. ಗಂಡ ಹೊರಟ ದಿನ ಏನೇನು ಮಾಡಬಾರದು ಅನ್ನೋದು ಹಾಲು ಕುಡಿಯೋ ಮಗುವಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ಕೈ ಬೀಸಬಾರದು. ಮೈಮೇಲೆ ಹಸಿರು ಬಣ್ಣ ಇರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಅವತ್ತು ಬಟ್ಟೆ ಒಗೆಯಬಾರದು. ಒಗೆದರೆ ಬಟ್ಟೆಯ ಜೊತೆ ಗಂಡನನ್ನೂ ನೀರಿಗೆ ಬಿಟ್ಟಂತೆ. ಆ ಬಟ್ಟೆ ಯಾರ ಹಗ್ಗದ ಮೇಲೆ ತೂಗುತ್ತೋ ಕೇಡು ಆ ಮನೆಗೇ. ನಗೋರು ನಗಲಿ. ಗಂಡನ್ನ ಆ ಮಂಜಿನ ಕಡಲಿಗೆ ಕಳಿಸಿ ಉಗುರು ಕಚ್ಚಿಕೊಂಡು ಕೂತವರು ಯಾರೂ ನಗೋದಿಲ್ಲ.

ಐವತ್ತೊಂಬತ್ತರ ಜನವರಿಯಲ್ಲಿ ಎನಿಡ್‌ಗೆ ಇಪ್ಪತ್ತಾರು. ಗಂಡ ವಿಲ್ಫ್ 'ಲೇಡಿ ಮಿರಿಯಮ್' ಹಡಗಿನಲ್ಲಿದ್ದ. ಮಾತು ಕಮ್ಮಿ, ಶಿಳ್ಳೆ ಜಾಸ್ತಿ. ಆದರೆ ಹಡಗಿನ ಮೇಲೆ ಶಿಳ್ಳೆ ಹಾಕಿದರೆ ಗಾಳಿ ಏಳುತ್ತೆ ಅಂತ ಬೈಸಿಕೊಂಡು, ಮೂರು ವಾರದ ಶಿಳ್ಳೆಯನ್ನೆಲ್ಲ ಮನೆಗೆ ತಂದು ಸುರಿಯುತ್ತಿದ್ದ. ಅವತ್ತು ಕತ್ತಲಿರುವಾಗಲೇ ಟ್ಯಾಕ್ಸಿ ಬಂತು, ಅವನು ಹೋದ. ಎನಿಡ್ ಬಾಗಿಲಿಗೆ ಹೋಗಲಿಲ್ಲ, ಪದ್ಧತಿಯಂತೆ. ಬೆಳಕು ಹರಿಯೋ ಹೊತ್ತಿಗೆ ಕಲ್ಲಿದ್ದಲು ತರೋಕೆ ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟಳು. ಅವಳ ಹಗ್ಗದ ಮೇಲೆ ಒಂದು ಬಿಳೀ ಬೆಡ್‌ಶೀಟು, ಹಸಿಹಸಿ, ಚಳಿಗೆ ಅರ್ಧ ಸೆಟೆದುಕೊಂಡು, ತೂಗಾಡುತ್ತಿತ್ತು.

ಅವಳದಲ್ಲ ಅದು. ಹಳೇ ಬೆಡ್‌ಶೀಟು, ನಡು ಸವೆದಾಗ ಸೀಳಿ, ಅಂಚುಗಳನ್ನ ನಡುವಿಗೆ ತಂದು ಕೂಡಿಸಿ ಹೊಲಿದಿದ್ದದ್ದು. ಹಾಗೆ ಎಲ್ಲರೂ ಮಾಡುತ್ತಿದ್ದರು, ಅದೇನು ದೊಡ್ಡದಲ್ಲ. ಆದರೆ ಇದನ್ನು ಹೊಲಿದದ್ದು ಕಪ್ಪು ದಾರದಲ್ಲಿ. ಬಿಳೀ ಬಟ್ಟೆಗೆ ಕಪ್ಪು ದಾರ! ಎಂಥಾ ದರಿದ್ರದ ಹೆಂಗಸೂ ಹಾಗೆ ಹೊಲಿಯೋದಿಲ್ಲ ಅಂತ ಆ ಗಾಬರಿಯಲ್ಲೂ ಎನಿಡ್‌ಗೆ ಅನ್ನಿಸಿತು.

ಆಮೇಲೆ ಅವಳಿಗೆ ಹೊಳೆದದ್ದು ಒಂದೇ. ಹಡಗಿನ್ನೂ ಕಡಲಿಗೆ ತೆರೆಯುವ ಡಾಕಿನ ಬಾಗಿಲು ದಾಟಿಲ್ಲ. ದಾಟೋದರೊಳಗೆ ಇದು ಇಲ್ಲವಾಗಬೇಕು. ಹಗ್ಗದಿಂದ ಕಿತ್ತುಕೊಂಡು ಒಳಗೆ ಓಡಿ, ನೀರು ಕಾಯಿಸುವ ಹಂಡೆಯ ಕೆಳಗಿನ ಬೆಂಕಿಗೆ ತುರುಕಿದಳು. ಹಸಿ ಬಟ್ಟೆ ಸುಲಭಕ್ಕೆ ಹತ್ತಿಕೊಳ್ಳುತ್ತದೆಯೇ? ಮನೆ ತುಂಬ ಹೊಗೆ. ಕಣ್ಣಲ್ಲಿ ನೀರು ಸುರಿಸಿಕೊಂಡು ಸಲಾಕೆಯಿಂದ ತಿವಿದು ತಿವಿದು ಸುಡುತ್ತಿದ್ದಾಗ ಹಡಗಿನ ಕೂಗು ಕೇಳಿಸಿತು. ಹೋಯಿತು. ಬೆಡ್‌ಶೀಟು ಇನ್ನೂ ಅರ್ಧ ಉಳಿದಿತ್ತು.

ಲೇಡಿ ಮಿರಿಯಮ್ ಬರಲಿಲ್ಲ. ಮೈಮೇಲೆ ಮಂಜುಗಡ್ಡೆ ಕಟ್ಟಿ ಕಟ್ಟಿ ಭಾರಕ್ಕೆ ಮಗುಚಿಕೊಂಡಿತು ಅಂತ ವಿಚಾರಣೆಯಲ್ಲಿ ಹೇಳಿದರು. ಹಳೇ ಹಡಗು, ಚಳಿಗಾಲಕ್ಕೆ ಕಳಿಸಬಾರದಿತ್ತು ಅಂತಲೂ ಯಾರೋ ಗೊಣಗಿದರು. ಮಾಲೀಕರು ಒಂದು ದೊಡ್ಡ ಹೂಮಾಲೆ ಕಳಿಸಿದರು. ಆದರೆ ಮಾಲೀಕರ ಮನೆ ಊರಾಚೆ, ಗೇಟಿನೊಳಗೆ, ನಾಯಿ ಕಾವಲಿನಲ್ಲಿ. ಎನಿಡ್ ಮನೆ ಕೈಗೆಟಕುವ ಹತ್ತಿರ. ಹಿಂದಿನ ಸಾಲಿನ ಮನೆಯ ಮಾಳಿಗೆ ಕಿಟಕಿಯಿಂದ ವಿಲ್ಫ್‌ನ ಅಕ್ಕ ಐವಿ, ಅವತ್ತು ಬೆಳಗಿನ ಜಾವ ಎನಿಡ್‌ನ ಹಗ್ಗದ ಮೇಲೆ ಬೆಳ್ಳಗೆ ಏನೋ ಹಾರಾಡಿದ್ದನ್ನ ನೋಡಿದ್ದಳು. ನೋಡಿದ್ದನ್ನ ಅಮ್ಮನಿಗೆ ಹೇಳಿದಳು. ಅತ್ತೆ ಬಂದು ಬೀದಿಯ ನಡುವೆ ನಿಂತಳು.

"ನನ್ನ ಮಗನ್ನ ಒಗೆದು ಹಿಂಡಿಬಿಟ್ಯಲ್ಲೇ! ಒಂದು ದಿನ ತಡ್ಕೊಳ್ಳೋಕಾಗ್ಲಿಲ್ವೇನೇ ನಿನ್ನ ಕೈಗೆ?"

"ಅದು ನಂದಲ್ಲಮ್ಮಾ! ಯಾರೋ ತಂದು ಹಾಕಿದ್ರು!"

"ಯಾರೋ! ತೋರ್ಸು ಹಾಗಾದ್ರೆ. ಯಾರದು ಅಂತ ಬೀದಿಯವರೇ ಹೇಳ್ತಾರೆ. ತೋರ್ಸು!"

ತೋರಿಸೋದೇನು, ಬೂದಿಯನ್ನೇ? ತನ್ನ ಪಾಲಿಗಿದ್ದ ಒಂದೇ ಒಂದು ಸಾಕ್ಷಿಯನ್ನ ತನ್ನ ಕೈಯಾರೆ ಸುಟ್ಟಿದ್ದಳು ಹುಚ್ಚಿ. ಬೇರೆ ಊರಿನವಳಾಗಿದ್ದರೆ ಬಟ್ಟೆ ಎತ್ತಿಕೊಂಡು ಬೀದಿಗೆ ಬಂದು, "ಯಾವಳೇ ಇದನ್ನ ಹಾಕಿದೋಳು?" ಅಂತ ಕೂಗುತ್ತಿದ್ದಳು. ನಮ್ಮೂರಿನವಳು, ಅದಕ್ಕೇ ಸುಟ್ಟಳು. ಸುಟ್ಟಿದ್ದು ಗೊತ್ತಾದ ಮೇಲೆ ಕೇಳಬೇಕೇ? ತಪ್ಪಿಲ್ಲದಿದ್ದರೆ ಯಾಕೆ ಸುಟ್ಟಳು ಅಂದರು. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ.

ಅವತ್ತಿನಿಂದ ಅಂಗಡಿಯಲ್ಲಿ ಅವಳು ಸಾಲಿಗೆ ನಿಂತರೆ ಮಾತು ನಿಲ್ಲುತ್ತಿತ್ತು. ಬಲೆಯ ಶೆಡ್ಡಿನಲ್ಲಿ ಅವಳ ಪಕ್ಕದ ಜಾಗ ಖಾಲಿ. ಹಡಗು ಹತ್ತುವ ಗಂಡಸರು ಅವಳು ಎದುರಾದರೆ ರಸ್ತೆ ದಾಟುತ್ತಿದ್ದರು. ಪ್ರತಿ ವರ್ಷ, ಹಡಗು ಹೊರಟ ದಿನಕ್ಕೆ ಹತ್ತಿರದ ಭಾನುವಾರ, ಸತ್ತವರ ಮನೆಯವರೆಲ್ಲ ಡಾಕಿನ ಬಾಗಿಲ ಮೇಲಿನ ಕಾಲುದಾರಿಯಲ್ಲಿ ಸೇರಿ, ಅವರವರು ಅವರವರ ಗಂಡಸಿನ ಹೆಸರನ್ನ ಕಡಲ ಕಡೆಗೆ ಕೂಗಿ ಒಂದು ಹೂವು ಎಸೆಯುವುದು ಪದ್ಧತಿಯಾಯಿತು. ವಿಲ್ಫ್‌ನ ಹೆಸರನ್ನ ಅವನಮ್ಮ ಕೂಗಿದಳು. ಅವಳು ಸತ್ತ ಮೇಲೆ ಐವಿ ಕೂಗಿದಳು. ಎನಿಡ್ ಒಂದು ವರ್ಷವೂ ತಪ್ಪಿಸದೆ ಹೋಗಿ, ಮೀನು ಕರಿಯುವ ಅಂಗಡಿಯ ಮೂಲೆಯಲ್ಲಿ ನಿಂತು, ಗಾಳಿ ಇತ್ತ ಬೀಸಿದರೆ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಸಾಯೋದರೊಳಗೆ ಒಂದು ಸಲ ಆ ಬಾಗಿಲ ಮೇಲೆ ನಿಂತು ಗಂಡನ ಹೆಸರನ್ನ ಬಾಯಿತುಂಬ ಕೂಗಬೇಕು.

ಆ ಬೀದಿಯಲ್ಲಿ ಅವಳನ್ನ ಬಿಟ್ಟುಹಾಕದೆ ಉಳಿದವಳು ಪಕ್ಕದ ಮನೆಯ ಮೇವಿಸ್ ಲೆಗಟ್ ಒಬ್ಬಳೇ.

ಮೇವಿಸ್ ಬಾಯಿಬಡುಕಿ, ನಗೆಗಾರ್ತಿ, ಮೂರು ಮನೆಯಾಚೆಗೆ ಕೇಳಿಸುವ ಗಂಟಲು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ನಮ್ಮ ಬೀದಿಯಲ್ಲಿ ಗೋಡೆಗೂ ಒಂದು ಭಾಷೆ ಇತ್ತು. ಒಲೆಯ ಸಲಾಕೆಯಿಂದ ಮೂರು ಸಲ ತಟ್ಟಿದರೆ ಟೀ ಆಗಿದೆಯಾ, ಬರಲಾ ಅಂತ. ಎರಡು ತಟ್ಟಿದರೆ ಬಾ ಅಂತ. ಒಂದೇ ಸಲ ತಟ್ಟಿದರೆ ಗಂಡ ಮನೆಯಲ್ಲಿದ್ದಾನೆ, ಇವತ್ತು ಬರಬೇಡ ಅಂತ. ಮೂರು ವಾರಕ್ಕೊಮ್ಮೆ ಮೂರು ದಿನ ಸಿಗೋ ಗಂಡ. ಆ ಒಂದು ಏಟಿಗೆ ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಮೇವಿಸ್‌ನ ಗಂಡ ಕ್ಲಿಫ್ ಇನ್ನೊಂದು ಹಡಗಿನವನು. ಲೇಡಿ ಮಿರಿಯಮ್ ಹೊರಟ ಅದೇ ಉಬ್ಬರಕ್ಕೆ ಅವನ ಹಡಗೂ ಹೊರಟಿತ್ತು, ಮಂಜು ಕೆತ್ತಿಕೊಂಡು ಹೇಗೋ ಮನೆ ಸೇರಿತು. ಅವನು ಮುದುಕನಾಗಿ ತನ್ನ ಹಾಸಿಗೆಯಲ್ಲೇ ಸತ್ತ. ಎನಿಡ್ ಮಾತ್ರ ಅವತ್ತಿನಿಂದ ಒಂದೇ ಏಟು ತಟ್ಟುವ ಯೋಗವನ್ನೇ ಕಾಣಲಿಲ್ಲ.

ದಿನಾ ಬೆಳಿಗ್ಗೆ ಮೂರು ಏಟು. ದಿನಾ ಎರಡು ಏಟಿನ ಉತ್ತರ. ಶುಕ್ರವಾರ ಮೇವಿಸ್ ಕೈಯ ಮೀನಿನ ಪೈ. ಎನಿಡ್‌ಗೆ ನ್ಯುಮೋನಿಯಾ ಆದಾಗ ಗಂಜಿ ಕುಡಿಸಿದವಳು ಮೇವಿಸ್. "ಬಿಡೇ, ಆ ಮುದಿಗೂಬೆಗಳಿಗೇನು ಗೊತ್ತು. ನಾನಿಲ್ವಾ ನಿಂಗೆ?" ಅನ್ನೋಳು. ಎನಿಡ್ ಅವಳಿಗೆ ತನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದ್ದಳು. ಒಂದನ್ನ ಬಿಟ್ಟು. ಕಪ್ಪು ದಾರದ ವಿಷಯವನ್ನ ಅವಳು ಯಾರಿಗೂ ಬಾಯಿಬಿಡಲಿಲ್ಲ, ಮೇವಿಸ್‌ಗೂ ಇಲ್ಲ. ಅದು ಅವಳ ಕೈಯಲ್ಲುಳಿದ ಒಂದೇ ಎಳೆ. ಬಾಯಿಬಿಟ್ಟರೆ ಹಾಕಿದವಳು ಎಚ್ಚರವಾಗಿಬಿಡುತ್ತಾಳೆ ಅಂತ ಹೆದರಿಕೆ. ವರ್ಷಗಟ್ಟಲೆ ಅವಳು ಬೀದಿಯಲ್ಲಿ ಹೋಗುವಾಗ ಬೇರೆಯವರ ಹಿತ್ತಲಿಗೆ ಕಣ್ಣು ಹಾಯಿಸಿ, ಹಗ್ಗದ ಮೇಲಿನ ಬೆಡ್‌ಶೀಟುಗಳ ನಡುವಿನ ಹೊಲಿಗೆ ನೋಡುತ್ತಿದ್ದಳು. ಎಲ್ಲೂ ಕಪ್ಪು ದಾರ ಕಾಣಲಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ ಗಿಲಿಯನ್ ಅನ್ನೋ ಹುಡುಗಿ, ಮೀನು ಇಳಿಸುತ್ತಿದ್ದವನೊಬ್ಬನ ಮೊಮ್ಮಗಳು, ಶಾಲೆಯಲ್ಲಿ ಪಾಠ ಹೇಳೋಳು, ಊರಿನ ಚರಿತ್ರೆಯ ಸಂಘ ಅಂತ ಶುರುಮಾಡಿದಳು. ಹಳೇ ನಾವಿಕರ ಸಭಾಂಗಣದಲ್ಲಿ ಗುರುವಾರ ಮಧ್ಯಾಹ್ನ ಮುದುಕಿಯರನ್ನೆಲ್ಲ ಸೇರಿಸಿ, ಟೀ ಕೊಟ್ಟು, ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸುತ್ತಿದ್ದಳು. ಡಾಕಿನ ಬಾಗಿಲ ಬಳಿ ಲೇಡಿ ಮಿರಿಯಮ್‌ನವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದೂ ಅವಳ ಕೆಲಸವೇ. ಹೊಸ ವರ್ಷದ ಆ ಭಾನುವಾರ ಕಲ್ಲಿನ ಮುಂದೆ ಹೆಸರು ಕೂಗುವುದು. ಐವಿಗೆ ಈಗ ಎಂಬತ್ತು ದಾಟಿ, ಗಾಲಿಕುರ್ಚಿ, ದನಿ ಕುಗ್ಗಿತ್ತು.

"ಐವಿ ಹತ್ರ ನಾನು ಮಾತಾಡ್ತೀನಿ ಕಣೇ," ಅಂದಳು ಮೇವಿಸ್. "ಈ ಸಲ ನೀನೇ ಕೂಗ್ಬೇಕು. ಅವಳು ಒಪ್ಪದಿದ್ರೆ ಕುರ್ಚಿ ಸಮೇತ ನೀರಿಗೆ ತಳ್ತೀನಿ, ನೋಡ್ತಿರು."

ಎನಿಡ್ ನಕ್ಕಳು. ಮನೆಯಲ್ಲಿ ಯಾರೂ ಇಲ್ಲದಾಗ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಮೆಲ್ಲಗೆ ಕೂಗಿ ನೋಡಿಕೊಂಡಳು. ವಿಲ್ಫ್ರೆಡ್ ಸ್ಟಾದರ್ಸ್. ದನಿ ಒಡೆಯಿತು. ಇನ್ನೊಂದು ಸಲ ಕೂಗಿದಳು.

ಹಾಗೆ ಆ ಗುರುವಾರ ಬಂತು. ಐವಿಯೂ ಬಂದಿದ್ದಳು, ಮೂಲೆಯಲ್ಲಿ ಕಂಬಳಿ ಹೊದ್ದು. ಕ್ರಿಸ್‌ಮಸ್ ಹತ್ತಿರವಾದ್ದರಿಂದ ಟೀ ಜೊತೆ ಶೆರ್ರಿ ವೈನೂ ಇತ್ತು. ಮೇವಿಸ್ ಎರಡು ಲೋಟ ಏರಿಸಿ ಕೆನ್ನೆ ಕೆಂಪಗೆ ಮಾಡಿಕೊಂಡು, ಹಸಿರು ಕೋಟು ತೊಟ್ಟು ಬಂದ ಸೊಸೆಯನ್ನ ಅತ್ತೆಯೊಬ್ಬಳು ಮೀನು ಬಡಿದ ಹಾಗೆ ಬಡಿದ ಕತೆ ಹೇಳಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸಿದ್ದಳು. ಗಿಲಿಯನ್‌ಗೆ ಹಿಂದಿನದೇನೂ ತಿಳಿಯದು. "ಹಡಗು ಹೊರಟ ದಿನ ಬಟ್ಟೆ ಒಗೀಬಾರದಂತಲ್ಲ, ಅದರ ಬಗ್ಗೆ ಹೇಳಿ," ಅಂದುಬಿಟ್ಟಳು. ಕಣ್ಣುಗಳೆಲ್ಲ ಎನಿಡ್ ಕಡೆ ತಿರುಗಿ, ಮತ್ತೆ ಬಟ್ಟಲುಗಳಿಗೆ ಬಿದ್ದವು.

ಮೇವಿಸ್ ಎದ್ದು ನಿಂತಳು. "ಹೇಳ್ತೀನಿ. ಇವತ್ತು ಐವಿ ಮುಂದೇನೇ ಹೇಳ್ತೀನಿ. ನಲವತ್ತು ವರ್ಷ ಈ ಬಡಪಾಯಿ ಮೇಲೆ ಗೂಬೆ ಕೂರಿಸಿದ್ರಲ್ಲ, ಒಬ್ಬರಾದ್ರೂ ಯೋಚನೆ ಮಾಡಿದ್ರೇನ್ರೇ? ಎನಿಡ್‌ನ ಹೊಲಿಗೆ ನಿಮಗೆ ಗೊತ್ತಿಲ್ವಾ? ಅವಳ ಬಲೆ ಗಂಟು ನೋಡೋಕೆ ಶೆಡ್ಡಿನ ಯಜಮಾನನೇ ಬರ್ತಿದ್ದ! ಅಂಥೋಳು ಬಿಳೀ ಬೆಡ್‌ಶೀಟಿಗೆ ನಡುಮಧ್ಯ ಕಪ್ಪು ದಾರದಲ್ಲಿ ಹೊಲೀತಾಳಾ? ಥೂ, ಸತ್ರೂ ಹೊಲಿಯಲ್ಲ!"

ಒಂದು ಕ್ಷಣ ಎನಿಡ್‌ನ ಎದೆ ತುಂಬಿ ಬಂತು. ತನ್ನ ಪರವಾಗಿ ಯಾರಾದರೂ ತುಂಬಿದ ಸಭೆಯಲ್ಲಿ ಎದ್ದು ನಿಂತದ್ದು ಅದೇ ಮೊದಲು. ಆಮೇಲೆ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯಿತು. ಕೈಯಲ್ಲಿದ್ದ ಬಟ್ಟಲನ್ನ ಅವಳು ಜೋಪಾನವಾಗಿ ಕೆಳಗಿಟ್ಟಳು.

"ಮೇವಿಸ್, ದಾರ ಕಪ್ಪು ಅಂತ ನಿಂಗೆ ಯಾರು ಹೇಳಿದ್ರು?"

"ಯಾರು ಅಂದ್ರೆ... ನೀನೇ ಹೇಳಿದ್ದೆ ಕಣೇ. ಮರ್ತ್‌ಬಿಟ್ಯಾ?"

"ನಾನು ಹೇಳಿಲ್ಲ. ಯಾರಿಗೂ ಹೇಳಿಲ್ಲ."

"ಹಂಗಾದ್ರೆ ಐವಿ ಹೇಳಿರ್ಬೇಕು. ಅವಳು ತಾನೇ ನೋಡಿದ್ದು."

ಮೂಲೆಯಿಂದ ಐವಿಯ ಒಣಕಲು ದನಿ ಬಂತು. "ನಾನು ನೋಡಿದ್ದು ಮಾಳಿಗೆ ಕಿಟಕಿಯಿಂದ. ಬೆಳಕೂ ನೆಟ್ಟಗೆ ಹರಿದಿರ್ಲಿಲ್ಲ. ಬೆಳ್ಳಗೆ ಏನೋ ಹಾರ್ತಿತ್ತು, ಅಷ್ಟೇ. ದಾರದ ಬಣ್ಣ ಕಾಣೋಕೆ ನಾನೇನು ಹದ್ದೇನೇ?"

ಆಡಿದ ಮಾತು, ಒಡೆದ ಮುತ್ತು. ಮೇವಿಸ್ ಕುರ್ಚಿ ತಡಕಾಡಿಕೊಂಡು ಕೂತಳು.

"ಟ್ರೆವರ್ ಹಾಸಿಗೆ ಒದ್ದೆ ಮಾಡ್ಕೊಂಡಿದ್ದ," ಅಂದಳು ಕೊನೆಗೆ. ಟ್ರೆವರ್ ಅವಳ ಮಗ. ಆಗ ಎರಡು ವರ್ಷದವನು, ಈಗ ಮೂರು ಮಕ್ಕಳ ತಂದೆ. "ಇದ್ದಿದ್ದೇ ಎರಡು ಬೆಡ್‌ಶೀಟು. ಇನ್ನೊಂದು ಆಗ್ಲೇ ಹಾಳಾಗಿತ್ತು. ಒಗೀಲೇಬೇಕಿತ್ತು ಎನಿಡ್. ಕ್ಲಿಫ್ ಕೂಡ ಅವತ್ತೇ ಹೊರಟಿದ್ನಲ್ಲ. ನನ್ನ ಹಗ್ಗಕ್ಕೆ ಹೇಗೆ ಹಾಕ್ಲಿ? ನೀನೇ ಹೇಳು, ಹೇಗೆ ಹಾಕ್ಲಿ?"

"ಒಳಗೇ ಒಣಗಿಸ್ಬೋದಿತ್ತು."

"ಕಲ್ಲಿದ್ದಲು ಮುಗಿದಿತ್ತು."

"ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ ಮೇವಿಸ್? ಗೋಡೆ ತಟ್ಟಿದ್ರೆ ಒಂದು ಬಕೆಟ್ ಕಲ್ಲಿದ್ದಲು ಕೊಡ್ತಿರ್ಲಿಲ್ವಾ ನಾನು?"

ಮೇವಿಸ್ ಅಳೋಕೆ ಶುರುಮಾಡಿದಳು. ಎನಿಡ್ ಅಳಲಿಲ್ಲ. ಅವಳ ದನಿ ಮಾತ್ರ ತೀರ ಸಣ್ಣದಾಯಿತು.

"ವಿಲ್ಫ್ ಹೊರಟಿದ್ದು ಗೊತ್ತಿರ್ಲಿಲ್ಲ ಅನ್ನು. ಅವನು ಮಾರನೇ ದಿನ ಹೋಗ್ತಾನೆ ಅಂದ್ಕೊಂಡಿದ್ದೆ ಅನ್ನು. ಸುಳ್ಳಾದ್ರೂ ಪರ್ವಾಗಿಲ್ಲ, ಅನ್ನೇ."

ಮೇವಿಸ್ ಅನ್ನಲಿಲ್ಲ. ವಿಲ್ಫ್, ಕ್ಲಿಫ್ ಇಬ್ಬರೂ ಅವತ್ತು ಡಾಕಿಗೆ ಹೋಗಿದ್ದು ಒಂದೇ ಟ್ಯಾಕ್ಸಿಯಲ್ಲಿ. ಅದು ಎನಿಡ್‌ಗೂ ಗೊತ್ತಿತ್ತು.

ಗಿಲಿಯನ್‌ಗೆ ತಡೆಯಲಾಗಲಿಲ್ಲ. "ಆದ್ರೆ ಮಿಸೆಸ್ ಸ್ಟಾದರ್ಸ್, ಹಡಗು ಮುಳುಗಿದ್ದು ಮಂಜಿನಿಂದ. ವಿಚಾರಣೇಲೇ ಹೇಳಿದಾರೆ. ಒಂದು ಬಟ್ಟೆಯಿಂದ ಯಾರಾದ್ರೂ..."

"ನೀನು ಸುಮ್ನಿರು ಮಗಳೇ," ಅಂದಳು ಐವಿ. "ಮಂಜು ಅವತ್ತು ಎಲ್ಲಾ ಹಡಗಿನ ಮೇಲೂ ಬಿತ್ತು. ಕ್ಲಿಫ್‌ನ ಹಡಗಿನ ಮೇಲೂ ಬಿತ್ತು."

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ ಅಂತ ಗಾದೆ ಇದೆ. ಆ ಕೋತಿಯಾದರೂ ಒರೆಸಿ ಮರ ಹತ್ತಿತು. ಇವಳು ಒರೆಸಿದ ಮೇಲೆ ನಲವತ್ತು ವರ್ಷ ಆ ಮೇಕೆಯ ಜೊತೆ ಕೂತು ಟೀ ಕುಡಿದಳಲ್ಲ, ಅದಕ್ಕೆ ನನಗೆ ಗಾದೆ ಸಿಗುತ್ತಿಲ್ಲ.

ಐವಿ ಕುರ್ಚಿಯನ್ನ ಎನಿಡ್ ಹತ್ತಿರ ತಳ್ಳಿಸಿಕೊಂಡು ಬಂದಳು. ಕ್ಷಮಿಸು ಅನ್ನಲಿಲ್ಲ, ಆ ಮನೆತನದ ನಾಲಿಗೆಗೆ ಹೊರಳುವ ಮಾತಲ್ಲ ಅದು. "ಆ ಭಾನುವಾರ ನೀನು ಕೂಗು," ಅಂದಳು. "ಜೋರಾಗಿ ಕೂಗು. ನನಗೆ ಈ ಕಿವಿ ಕೇಳ್ಸಲ್ಲ."

ಅವತ್ತು ಎನಿಡ್ ಮನೆಗೆ ಒಬ್ಬಳೇ ನಡೆದಳು. ಮಾರನೇ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಸದ್ದಿಲ್ಲ. ಶುಕ್ರವಾರವಾದರೂ ಪೈ ಬರಲಿಲ್ಲ. ಕ್ರಿಸ್‌ಮಸ್ ಬಂತು, ಹೋಯಿತು. ಬೀದಿಯವರು ಒಬ್ಬೊಬ್ಬರಾಗಿ ಕೇಕು ಹಿಡಿದುಕೊಂಡು ಬಂದು, "ಹೇಗಿದೀಯ ಚಿನ್ನಾ?" ಅಂದರು. ನಿನ್ನೆಯವರೆಗೆ ರಸ್ತೆ ದಾಟುತ್ತಿದ್ದವರು! ಎನಿಡ್ ಕೇಕು ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಬೀದಿಯ ಮೇಲೆ ಅವಳಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಅವರು ಬೆನ್ನು ತಿರುಗಿಸಿದ್ದು ಕಣ್ಣೆದುರೇ. ಒಳಗೆ ಕೊರೆಯುತ್ತಿದ್ದದ್ದು ಬೇರೆ. ನ್ಯುಮೋನಿಯಾದಲ್ಲಿ ಗಂಜಿ ಕುಡಿಸಿದ ಕೈ, ತಾನು ಬಿಕ್ಕಿ ಬಿಕ್ಕಿ "ಯಾರು ಹಾಕಿರಬಹುದೇ ಮೇವಿಸ್?" ಅಂತ ಕೇಳಿದಾಗ ಬೆನ್ನು ಸವರಿದ ಕೈ, ಆ ಬಟ್ಟೆಯನ್ನ ತನ್ನ ಹಗ್ಗಕ್ಕೆ ಸಿಕ್ಕಿಸಿದ ಕೈ, ಮೂರೂ ಒಂದೇ. ದಿನಾ ಬೆಳಿಗ್ಗೆ ಮೇವಿಸ್ ಗೋಡೆ ತಟ್ಟಿದ್ದು ಸ್ನೇಹಕ್ಕಲ್ಲ. ಇವಳಿಗೆ ಇನ್ನೂ ಗೊತ್ತಾಗಿಲ್ಲವಷ್ಟೇ ಅಂತ ಖಾತ್ರಿ ಮಾಡಿಕೊಳ್ಳೋಕೆ. ಹಾಗನ್ನಿಸಿದ ದಿನ ಎನಿಡ್ ಊಟ ಮಾಡಲಿಲ್ಲ.

ಭಾನುವಾರ ಗಾಳಿ ಕೆಟ್ಟದಾಗಿತ್ತು. ಡಾಕಿನ ಬಾಗಿಲ ಮೇಲೆ, ಹೊಸ ಕಲ್ಲಿನ ಪಕ್ಕ, ಎನಿಡ್ ಬಿಳೀ ಸೇವಂತಿಗೆ ಹಿಡಿದು ನಿಂತಳು. ಅವಳ ಸರದಿ ಬಂದಾಗ "ವಿಲ್ಫ್ರೆಡ್ ಸ್ಟಾದರ್ಸ್!" ಅಂತ ಕೂಗಿದಳು. ದನಿ ಒಡೆಯಲಿಲ್ಲ. ಕೆಳಗೆ ಬಾಟಲಿ ಪ್ಲಾಸ್ಟಿಕ್ಕು ತೇಲುವ ಆ ಕಂದು ನೀರಿಗೆ ಹೂವು ಬಿತ್ತು. ಒಂದು ಕಿವಿ ಕೆಟ್ಟ ಐವಿ ತಲೆಯಾಡಿಸಿದಳು, ಅಂದರೆ ಕೇಳಿಸಿತು. ಮೀನು ಕರಿಯುವ ಅಂಗಡಿಯ ಮೂಲೆಯಲ್ಲಿ, ಇಷ್ಟು ವರ್ಷ ಎನಿಡ್ ನಿಲ್ಲುತ್ತಿದ್ದ ಜಾಗದಲ್ಲಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಒಬ್ಬಳೇ ಒಬ್ಬಳು ನಿಂತಿದ್ದಳು. ಯಾರೆಂದು ಎನಿಡ್ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಕೋಟು ಬಿಚ್ಚಿದಳು. ಕೂಗಿದೆ ಕಣೇ, ಜೋರಾಗಿ ಕೂಗಿದೆ ಅಂತ ಯಾರಿಗಾದರೂ ಹೇಳಬೇಕೆನಿಸಿತು. ಕೈ ತನ್ನಷ್ಟಕ್ಕೆ ಒಲೆಯ ಪಕ್ಕದ ಸಲಾಕೆಯ ಮೇಲೆ ಹೋಗಿತ್ತು. ಹಿಡಿದದ್ದನ್ನ ಕಂಡು, ಬಿಸಿ ತಗುಲಿದ ಹಾಗೆ ಬಿಟ್ಟುಬಿಟ್ಟಳು. ಆವಾಗ ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆಗ ಪಕ್ಕದಲ್ಲಿ ಮೇವಿಸ್ ಇದ್ದಳು.

ಸೋಮವಾರ ಬೆಳಿಗ್ಗೆ ನೀರು ಕುದಿಯೋಕೆ ಇಟ್ಟಿದ್ದಾಗ ಗೋಡೆ ಸದ್ದಾಯಿತು. ಮೂರು ಏಟು, ಮೆತ್ತಗೆ, ಹೆದರಿ ಹೆದರಿ.

ಎನಿಡ್ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಗೋಡೆಯಾಚೆ ಒಬ್ಬ ಮುದುಕಿ ಸಲಾಕೆ ಹಿಡಿದು ಕಿವಿಗೊಟ್ಟು ನಿಂತಿದ್ದಾಳೆ ಅನ್ನೋದು ಅವಳಿಗೆ ಕಣ್ಣಿಗೆ ಕಂಡಷ್ಟು ಗೊತ್ತಿತ್ತು. ಕಪಾಟಿನ ಮೇಲೆ ಎರಡು ಬಟ್ಟಲು ಎಂದಿನಂತೆ ಜೋಡಿಯಾಗಿ ಕೂತಿದ್ದವು.

ಅವಳು ಸಲಾಕೆ ಎತ್ತಿಕೊಂಡು ಗೋಡೆಯ ಹತ್ತಿರ ಹೋದಳು. ಸುಣ್ಣ ಉದುರಿ ಗುಳಿಬಿದ್ದ ಆ ಹಳೇ ಜಾಗಕ್ಕೆ, ಬಲವಾಗಿ, ಒಂದೇ ಒಂದು ಏಟು ಹಾಕಿದಳು.

ಗಂಡ ಮನೆಯಲ್ಲಿದ್ದಾನೆ. ಬರಬೇಡ.

ಆಚೆ ಕಡೆಯಿಂದ ಮತ್ತೆ ಸದ್ದು ಬರಲಿಲ್ಲ. ಎನಿಡ್ ಟೀ ಸೋಸಿಕೊಂಡು ಕೂತಳು.